ಬ್ರೇಕಕ್ಕನ ಸುವಾರ್ತಾ ದಂಡಯಾತ್ರೆ

ಕೆಲವರು ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟುತ್ತಾರೆ. ಬ್ರೇಕಕ್ಕ ಬ್ರೇಕನ್ನೇ ಕಟ್ಟಿಕೊಂಡು ಹುಟ್ಟಿದವಳು. ಕಾರು ಓಡಿಸಲು ಕಲಿಸುವುದು ಅವಳ ಕಸುಬು. ಅವಳ ಕಾರಿನಲ್ಲಿ ಕಲಿಯುವವರ ಕಾಲ ಕೆಳಗೆ ಒಂದು ಬ್ರೇಕು, ಪಕ್ಕದ ಸೀಟಿನಲ್ಲಿ ಅವಳ ಕಾಲ ಕೆಳಗೆ ಇನ್ನೊಂದು. ಆ ಎರಡನೆಯದನ್ನು ವರ್ಷಗಟ್ಟಲೆ ಒತ್ತಿ ಒತ್ತಿ ಅವಳ ಬಲಗಾಲಿಗೆ ಸ್ವಂತ ಬುದ್ಧಿ ಬಂದುಬಿಟ್ಟಿತ್ತು. ಮನೆಯಲ್ಲಿ ಕುರ್ಚಿಯ ಮೇಲೆ ಕೂತಿದ್ದರೂ ಒತ್ತುತ್ತಿತ್ತು. ಯಾರಾದರೂ ಕಥೆ ಎಳೆದರೆ ಒತ್ತುತ್ತಿತ್ತು. ಭಾನುವಾರ ಸಭೆಯಲ್ಲಿ ಪಾಸ್ಟರ್ "ಕೊನೆಯದಾಗಿ" ಎಂದ ಮೇಲೂ ಪ್ರಸಂಗ ಸರಾಗವಾಗಿ ಸಾಗಿದರೆ ಮುಂದಿನ ಬೆಂಚಿನ ಹಿಂಬದಿಗೆ ಧಡ್ಡೆಂದು ಒಂದು ಏಟು ಬೀಳುತ್ತಿತ್ತು. ಆ ಬೆಂಚಿನಲ್ಲಿ ನಿದ್ದೆ ಹೋದವರು ಅದನ್ನು ದೇವರ ಕರೆ ಎಂದೇ ತಿಳಿದು ಎದ್ದು ಕೂರುತ್ತಿದ್ದರು.

ಇಂಥವಳಿಗೆ ಗಂಡನಾಗಿ ಸಿಕ್ಕವನು ಬೇಕರಿಯಲ್ಲಿ ಒಲೆ ನೋಡಿಕೊಳ್ಳುವ ಮನುಷ್ಯ. ಹಿಟ್ಟು ಉಬ್ಬುವುದನ್ನು ಕಾಯುತ್ತಾ ಅರ್ಧ ಆಯುಷ್ಯ ಕಳೆದವನು. ಅವಳು ಒಂದು ಮಾತು ಮುಗಿಸಿ ಇನ್ನೊಂದರ ನಡುವಿಗೆ ಬಂದಾಗ ಅವನು ಮೊದಲನೆಯದಕ್ಕೆ ಉತ್ತರ ಕೊಡುತ್ತಿದ್ದ. ಸಂಸಾರ ಚೆನ್ನಾಗಿಯೇ ನಡೆದಿತ್ತು.

ಒಂದು ಭಾನುವಾರ ಪಾಸ್ಟರ್ ಎಲ್ಲರಿಗೂ ಒಂದು ಕೆಲಸ ಹಚ್ಚಿದರು. "ನಿಮ್ಮ ನಂಬಿಕೆಯನ್ನ ನೆರೆಯವರೊಬ್ಬರ ಹತ್ರ ಪ್ರೀತಿಯಿಂದ ಹಂಚ್ಕೊಳ್ಳಿ" ಎಂದರು. ಸಭೆಯಲ್ಲಿ ತಲೆಗಳು ಕೆಳಗಾದವು. ಯಾರ ಹತ್ತಿರ, ಯಾವಾಗ, ಹೇಗೆ ಶುರು ಮಾಡುವುದು? ಬ್ರೇಕಕ್ಕನ ತಲೆ ಮಾತ್ರ ಮೇಲೆ ಎದ್ದಿತು. ಅವಳ ಬಳಿ ದಿನವೂ ತಾಸುಗಟ್ಟಲೆ ಸೀಟ್ ಬೆಲ್ಟಿನಲ್ಲಿ ಕಟ್ಟಿಹಾಕಿದ, ಎರಡೂ ಕೈ ಸ್ಟೀರಿಂಗಿಗೆ ಅಂಟಿಸಿಕೊಂಡ, ಬಾಗಿಲು ತೆಗೆದು ಓಡಿಹೋಗಲಾರದ ಜನರಿದ್ದರು. ಇಂಥ ಶ್ರೋತೃಗಳು ಯೇಸುವಿನ ಶಿಷ್ಯರಾದ ಅಪೊಸ್ತಲರಿಗೂ ಸಿಕ್ಕಿರಲಿಲ್ಲ.

ದಂಡಯಾತ್ರೆ ಸೋಮವಾರ ಬೆಳಿಗ್ಗೆಯೇ ಹೊರಟಿತು. ಮೊದಲ ಗೇರಿನಲ್ಲಿ ಸೃಷ್ಟಿ, ಎರಡನೆಯದರಲ್ಲಿ ಪಾಪ, ಮೂರನೆಯದರಲ್ಲಿ ಶಿಲುಬೆ. ರಿವರ್ಸ್ ಕಲಿಸುವ ದಿನ ಪಶ್ಚಾತ್ತಾಪ. ಮಾತು ಮುಗಿಸಿ ಅವಳು ನೇರ ಪ್ರಶ್ನೆಗೇ ಬರುತ್ತಿದ್ದಳು.

"ನಿಮಗೆ ಶಾಂತಿ ಬೇಕೋ ಬೇಡ್ವೋ?"

"ಹೂಂ ಅಕ್ಕ."

"ಯೇಸುವನ್ನ ನಂಬ್ತೀರಾ?"

"ಹೂಂ ಅಕ್ಕ. ಮುಂದೆ ಲಾರಿ ಅಕ್ಕ."

ಹೂಂ ಎನ್ನದವರು ಒಬ್ಬರೂ ಇರಲಿಲ್ಲ. ಕ್ಲಚ್ಚು ಬಿಡುತ್ತಿರುವ ಮನುಷ್ಯನನ್ನು ಏನು ಕೇಳಿದರೂ ಹೂಂ ಎನ್ನುತ್ತಾನೆ, ಮನೆ ಬರೆದುಕೊಡುತ್ತೀಯಾ ಎಂದರೂ ಎನ್ನುತ್ತಾನೆ. ಈ ಸೂಕ್ಷ್ಮ ಅವಳಿಗೆ ಹೊಳೆಯಲಿಲ್ಲ. ಸಭೆಯಲ್ಲಿ ದೇವರ ಉಪಕಾರಕ್ಕೆ ಸಾಕ್ಷಿ ಹೇಳುವ ಹೊತ್ತಿಗೆ ಬೇರೆಯವರು ಎದ್ದು ತಲೆನೋವು ವಾಸಿಯಾದದ್ದು, ಕಳೆದ ಬೀಗದ ಕೈ ಸಿಕ್ಕಿದ್ದು ಹೇಳುತ್ತಿದ್ದರು. ಬ್ರೇಕಕ್ಕ ಎದ್ದರೆ ಗೆದ್ದ ಕೋಟೆಗಳ ಹೆಸರು ಓದಿದ ಹಾಗೆ ಇರುತ್ತಿತ್ತು. ಪಾಸ್ಟರ್ ಒಂದೆರಡು ಸಲ, "ಅವರನ್ನ ಕರ್ಕೊಂಡು ಬನ್ನಿ ಅಕ್ಕ, ಪರಿಚಯ ಆಗ್ಲಿ" ಎಂದರು. ಅವರಿಗೆಲ್ಲ ಲೈಸೆನ್ಸ್ ಸಿಕ್ಕ ಮೇಲೆ ಬ್ರೇಕಕ್ಕನ ಬೀದಿಯತ್ತ ಯಾರೂ ಕಾರು ತಿರುಗಿಸುತ್ತಿರಲಿಲ್ಲ ಎಂಬುದು ಬೇರೆ ವಿಷಯ.

ಹೀಗಿರುವಾಗ ದರ್ಜಿಯಮ್ಮ ಕಲಿಯಲು ಬಂದಳು.

ಐವತ್ತು ದಾಟಿದ ಹೆಂಗಸು. ಎರಡು ಬೀದಿ ಆಚೆ ಮನೆ, ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆ ಅಂಗಡಿ. ಹೊಲಿಗೆ ಮಿಷನ್ನಿನ ಪೆಡಲು ತುಳಿದು ಪಳಗಿದ ಅವಳ ಕಾಲು ಆಕ್ಸಿಲರೇಟರನ್ನೂ ಹಾಗೆಯೇ ತುಳಿಯುತ್ತಿತ್ತು: ಮೇಲೆ ಕೆಳಗೆ, ಮೇಲೆ ಕೆಳಗೆ. ಕಾರು ಬಿಕ್ಕಳಿಸುತ್ತಾ ಹೋಗುತ್ತಿತ್ತು. "ರಸ್ತೆ ಹೊಲಿಯೋದಲ್ಲ ಕಣ್ರೀ, ಕಾಲು ಇಟ್ಟಲ್ಲೇ ಇಡಿ" ಎಂದು ಬ್ರೇಕಕ್ಕ ಹೇಳಿ ಹೇಳಿ ಸೋತಳು. ಇನ್ನೊಂದು ಅಭ್ಯಾಸವೂ ಅವಳಿಗಿತ್ತು. ಸದಾ ತುಟಿಗಳ ನಡುವೆ ಗುಂಡುಸೂಜಿ ಕಚ್ಚಿಕೊಂಡು ಕೆಲಸ ಮಾಡಿದವಳು. ಗಿರಾಕಿ ಏನು ಕೇಳಿದರೂ ಬಾಯಿ ತೆರೆಯದೆ ಮೂಗಿನಲ್ಲೇ "ಹ್ಞೂಂ" ಎನ್ನಬೇಕು, ತೆರೆದರೆ ಸೂಜಿ ಗಿರಾಕಿಯ ಕಾಲ ಮೇಲೆ ಬೀಳುತ್ತದೆ. ಹೀಗಾಗಿ ಸೂಜಿ ಇಲ್ಲದಾಗಲೂ ಅವಳ ಮಾತೆಲ್ಲ ಒಂದೇ ಹ್ಞೂಂ.

ಒಂದು ದಿನ ಸಿಗ್ನಲ್ಲಿನ ಕೆಂಪು ದೀಪದ ಮುಂದೆ ಕಾರು ನಿಂತಿತ್ತು. ಬ್ರೇಕಕ್ಕ ಅವಕಾಶ ಬಿಡುವವಳಲ್ಲ.

"ಎಷ್ಟು ದಿನ ಒಬ್ಬರೇ ಹೊರ್ತೀರಿ? ನಿಮ್ಮ ಭಾರ ಎಲ್ಲಾ ಯೇಸುವಿನ ಪಾದಕ್ಕೆ ಹಾಕಿಬಿಡ್ತೀರಾ?"

"ಹ್ಞೂಂ" ಎಂದಳು ದರ್ಜಿಯಮ್ಮ. ಅವಳ ಕಣ್ಣಲ್ಲಿ ಫಳಕ್ಕನೆ ನೀರು ಬಂತು.

ನೀರು! ಇದುವರೆಗೆ ಹೂಂ ಎಂದವರಲ್ಲಿ ಕಣ್ಣೀರಿಟ್ಟವರು ಒಬ್ಬರೂ ಇರಲಿಲ್ಲ. ಬ್ರೇಕಕ್ಕನಿಗೆ ರೋಮಾಂಚನವಾಯಿತು. ಹಸಿರು ದೀಪ ಬಂದದ್ದೂ, ಹಿಂದಿನ ವಾಹನಗಳೆಲ್ಲ ಒಟ್ಟಿಗೆ ಹಾರನ್ ಹೊಡೆದದ್ದೂ ಅವಳಿಗೆ ಜಯಘೋಷದಂತೆಯೇ ಕೇಳಿಸಿತು.

ಭಾನುವಾರ ಅವಳು ಎದ್ದು ನಿಂತು ದರ್ಜಿಯಮ್ಮ ಯೇಸುವನ್ನು ಸ್ವೀಕರಿಸಿದಳೆಂದು ಸಾರಿದಳು. ಕಣ್ಣೀರಿನ ಭಾಗವನ್ನು ಎರಡು ಸಲ ಹೇಳಿದಳು. ಸಭೆಯ ಹೆಂಗಸರಿಗೆ ಸಂತೋಷ ತಡೆಯಲಿಲ್ಲ. ಹೊಸಬರನ್ನು ಸ್ವಾಗತಿಸುವುದು ಒಳ್ಳೆಯ ಗುಣವೇ. ಮೂವರು ಹಿರಿಯ ಹೆಂಗಸರು ಅಂದೇ ಮಧ್ಯಾಹ್ನ ಹೂವು ಹಿಡಿದು, ಬೇಕರಿಯಲ್ಲಿ "ಹೊಸ ಜೀವನಕ್ಕೆ ಸ್ವಾಗತ" ಎಂದು ಬರೆಸಿದ ಕೇಕು ಹಿಡಿದು, ಹೇಳದೆ ಕೇಳದೆ ದರ್ಜಿಯಮ್ಮನ ಮನೆಗೆ ಹೋದರು. ಬಾಗಿಲು ತೆಗೆದವನು ಅವಳ ಗಂಡ.

ಸೋಮವಾರ ಬೆಳಿಗ್ಗೆ ದರ್ಜಿಯಮ್ಮ ಪಾಠಕ್ಕೆ ಬರಲಿಲ್ಲ. ಫೋನಿಗೆ ಒಂದು ಸಂದೇಶ ಬಂತು: "ಇನ್ನು ಬರುವುದಿಲ್ಲ. ಕಾರು ಕಲಿಯುವುದು ಬೇಡ."

ಬ್ರೇಕಕ್ಕ ಅದನ್ನು ಓದಿ ಎದ್ದಳು, ಕೂತಳು, ಮತ್ತೆ ಎದ್ದಳು. ಆ ದಿನ ಕಲಿಯಲು ಬಂದವರೆಲ್ಲ ವಿನಾಕಾರಣ ಬ್ರೇಕು ತಿಂದರು. ನಡುಬೀದಿಯಲ್ಲಿ ಕಾರು ಗಕ್ಕನೆ ನಿಲ್ಲುತ್ತಿತ್ತು, ಮುಂದೆ ನಾಯಿಯೂ ಇರುತ್ತಿರಲಿಲ್ಲ. ಸಂಜೆ ಮನೆಯೊಳಗೆ ಬಾಗಿಲಿನಿಂದ ಕಿಟಕಿಗೆ, ಕಿಟಕಿಯಿಂದ ಒಲೆಗೆ ಓಡಾಡಿದಳು.

"ಏನಾಯ್ತೇ?" ಎಂದ ಗಂಡ.

"ಏನಿಲ್ಲ. ದರ್ಜಿಯಮ್ಮನಿಗೆ ಮನೆಯವರ ವಿರೋಧ ಬಂದಿದೆ. ಬರುತ್ತೆ, ನಂಬಿದವರಿಗೆ ಬಂದೇ ಬರುತ್ತೆ. ಸ್ವಾಗತ ಮಾಡೋಕೆ ಕೇಕು ಬೇರೆ ತಗೊಂಡು ಹೋಗಿದ್ರು."

ಅವನು ಸ್ವಲ್ಪ ಹೊತ್ತು ಯೋಚಿಸಿದ. "ಓ, ಆ ಕೇಕು. ನಾನೇ ಮಾಡಿದ್ದು. ಯಾರದೋ ಹುಟ್ಟಿದಹಬ್ಬ ಅಂದ್ಕೊಂಡೆ."

"ಒಂಥರಾ ಹುಟ್ಟಿದಹಬ್ಬಾನೇ ಅಲ್ವೇನ್ರೀ?"

"ಹುಟ್ಟಿದವರಿಗೇ ಗೊತ್ತಿರಲಿಲ್ಲ ಅನ್ನು."

ಅವಳು ರೇಗಿದಳು. ಅವನು ನಕ್ಕ. ಆ ಮಾತು ಮಾತ್ರ ಹೋಗಲಿಲ್ಲ, ಹಲ್ಲಿನ ಸಂದಿಯಲ್ಲಿ ಸಿಕ್ಕಿದ ನಾರಿನಂತೆ ಅಲ್ಲೇ ಇತ್ತು. ಒಂದು ವೇಳೆ ದರ್ಜಿಯಮ್ಮ ನಂಬಿಯೇ ಇರಲಿಲ್ಲವಾದರೆ? ಹಾಗಾದರೆ ಆ ಕಣ್ಣೀರು ಯಾತಕ್ಕೆ?

ಮಂಗಳವಾರ ಪಾಠಗಳ ನಡುವೆ ಬಿಡುವು ಮಾಡಿಕೊಂಡು ದರ್ಜಿಯಮ್ಮನ ಮನೆಗೆ ಹೋದಳು. ಬಾಗಿಲ ಪಕ್ಕ ಹೊದಿಕೆ ಹಾಕಿದ ಹಳೆಯ ಕಾರೊಂದು ನಿಂತಿತ್ತು. ಒಳಗಿನ ಕುರ್ಚಿಯಲ್ಲಿ ದಪ್ಪ ಮೀಸೆಯ ಗಂಡಸೊಬ್ಬ ಕಪ್ಪು ಕನ್ನಡಕ ಹಾಕಿಕೊಂಡು ಕೂತಿದ್ದ. ದರ್ಜಿಯಮ್ಮನ ಗಂಡ, ಜೀವಮಾನವೆಲ್ಲ ಬಸ್ಸು ಓಡಿಸಿದವನು, ಬೀದಿಗೆಲ್ಲ ಡ್ರೈವರಣ್ಣ.

"ಯಾರು? ಚಪ್ಪಲಿ ಸದ್ದು ಅವಸರದ್ದು. ಕಾರು ಕಲಿಸೋ ತಾಯಿ ಇರಬೇಕು" ಎಂದ, ಮುಖವನ್ನು ಅವಳಿರುವ ಕಡೆಗಿಂತ ಸ್ವಲ್ಪ ಆಚೆ ತಿರುಗಿಸಿ.

ಬ್ರೇಕಕ್ಕನಿಗೆ ಆಗ ತಿಳಿಯಿತು, ಇವನಿಗೆ ಕಣ್ಣು ಕಾಣುವುದಿಲ್ಲ ಎಂದು.

"ಕೂತ್ಕೊಳ್ಳಿ. ಕೇಕು ಇದೆ, ತಿಂತೀರಾ? ಹೊಸ ಜೀವನದ್ದು. ಅರ್ಧ ಉಳಿದಿದೆ."

"ಅಣ್ಣ, ನಾನು..."

"ನೋಡಮ್ಮ. ನಾನು ಬಸ್ ಓಡಿಸ್ದೋನು. ಹತ್ತಿ ಟಿಕೆಟ್ ತಗೊಂಡೋರನ್ನ ಪ್ರಯಾಣಿಕರು ಅಂತಿದ್ವಿ. ಸ್ಟಾಪಲ್ಲಿ ನಿಂತು ಸುಮ್ನೆ ಬಸ್ ನೋಡ್ತಿದ್ದೋರನ್ನೂ ಲೆಕ್ಕಕ್ಕೆ ತಗೊಂಡ್ರೆ ಹೇಗೆ?"

ಮಿಷನ್ನಿನ ಹಿಂದೆ ದರ್ಜಿಯಮ್ಮ ರವಿಕೆಗೆ ತೋಳು ಜೋಡಿಸುತ್ತಿದ್ದಳು, ತುಟಿಯಲ್ಲಿ ಸೂಜಿಗಳ ಸಾಲು. ಅವಳು ಬಟ್ಟೆ ಬದಿಗಿಟ್ಟಳು. ಬಾಯಿಂದ ಒಂದು ಸೂಜಿ ತೆಗೆದು ಹತ್ತಿಯ ಗಂಟಿಗೆ ಚುಚ್ಚಿದಳು. ಇನ್ನೊಂದು ತೆಗೆದಳು. ಮತ್ತೊಂದು. ಯೋಧರು ಒರೆಯಿಂದ ಕತ್ತಿ ಹಿರಿಯುವುದನ್ನು ಕಂಡವರೂ ಇಷ್ಟು ಹೆದರಿರಲಾರರು. ದರ್ಜಿಯಮ್ಮ ಬಾಯಿ ಖಾಲಿ ಮಾಡುತ್ತಿದ್ದಳು.

"ನಾನು ಏನನ್ನ ನಂಬ್ತೀನಿ ಅಂತ ನಾನಿನ್ನೂ ಇವರಿಗೇ ಹೇಳಿಲ್ಲ. ನನಗೇ ಗೊತ್ತಿಲ್ಲ. ಅಷ್ಟರಲ್ಲಿ ನೀವು ಊರಿಗೆಲ್ಲ ಹೇಳ್ಬಿಟ್ರಿ" ಎಂದಳು.

"ಅವತ್ತು ಸಿಗ್ನಲ್ ಹತ್ರ ನೀವು ಅತ್ರಿ, ಅದಕ್ಕೇ..."

"ಇವರ ಕಣ್ಣಿಗೆ ಹಾಕೋ ಇಂಜೆಕ್ಷನ್ ಹಿಡೀತಾ ಇಲ್ಲ ಅಂತ ಡಾಕ್ಟ್ರು ಹೇಳಿದ್ದು ಆವತ್ತು ಬೆಳಿಗ್ಗೆ. ಒಂದು ಕಣ್ಣು ಹೋಗಿದೆ. ಇನ್ನೊಂದರಲ್ಲಿ ನೆರಳು ನೆರಳು. ಆಸ್ಪತ್ರೆ ಊರಾಚೆ ಇದೆ. ಇಷ್ಟು ದಿನ ಇವರ ಸೋದರಳಿಯ ಕಾರಲ್ಲಿ ಕರ್ಕೊಂಡು ಹೋಗ್ತಿದ್ದ, ಅವನೀಗ ಕೆಲಸಕ್ಕೆ ಬೇರೆ ಊರಿಗೆ ಹೊರಟಿದ್ದಾನೆ. ಅದಕ್ಕೇ ನಾನು ಈ ವಯಸ್ಸಲ್ಲಿ ಕ್ಲಚ್ಚು ಹಿಡ್ಕೊಂಡು ಒದ್ದಾಡ್ತಿದ್ದೆ." ಅವಳ ದನಿ ಏರಲಿಲ್ಲ. "ದಿನಾ ಒಂದು ಗಂಟೆ ನನ್ನ ಪಕ್ಕ ಕೂತು ಮಾತಾಡಿದ್ರಿ. ಯಾಕೆ ಕಲೀತಿದ್ದೀರಿ ಅಂತ ಒಂದು ದಿನ ಕೇಳಿದ್ರಾ?"

ಕೇಳಿರಲಿಲ್ಲ. ಬ್ರೇಕಕ್ಕ ನೆನಪಿನ ಗಾಡಿಯನ್ನು ಆ ಬೀದಿಯಲ್ಲಿ ಎಷ್ಟು ಸಲ ತಿರುಗಿಸಿದರೂ ಕೇಳಿದ ಗುರುತು ಸಿಗಲಿಲ್ಲ. ಶಾಂತಿ ಬೇಕಾ ಎಂದು ಕೇಳಿದ್ದಳು, ನಿತ್ಯಜೀವ ಬೇಕಾ ಎಂದು ಕೇಳಿದ್ದಳು. ಮನೆಯಲ್ಲಿ ಯಾರಿದ್ದಾರೆ ಎಂದು ಕೇಳಿರಲಿಲ್ಲ. ಅವಳ ಮುಖ ಕೆಂಪಾಯಿತು. ತಪ್ಪಾಯಿತು ಎಂದಳು. ವಿವರಣೆ ನಾಲಿಗೆಯ ತುದಿಗೆ ಬಂದಿತ್ತು, ಹೇಗೋ ನುಂಗಿಕೊಂಡಳು. "ನೀವು ಕಲಿಯೋದು ನಿಲ್ಲಿಸ್ಬೇಡಿ. ನನ್ನ ಹತ್ರ ಬೇಡ ಅಂದ್ರೆ ಬೇರೆ ಒಳ್ಳೇ ಕಡೆ ನಾನೇ ಹೇಳಿ ಸೇರಿಸ್ತೀನಿ" ಎಂದು ಎದ್ದುಬಂದಳು. ಕೇಕು ತಿನ್ನಲಿಲ್ಲ.

ಮುಂದಿನ ಭಾನುವಾರದವರೆಗಿನ ದಿನಗಳು ಮುಳ್ಳಿನ ಮೇಲೆ ಕೂತಂತೆ ಕಳೆದವು. ಆ ದಿನ ಸಭೆಯಲ್ಲಿ ಎದ್ದು ನಿಂತು, "ಹೋದ ವಾರ ನಾನು ಹೇಳಿದ್ದು ನಿಜ ಅಲ್ಲ. ಅವರು ಏನೂ ಒಪ್ಪಿರಲಿಲ್ಲ, ನಾನೇ ಒಪ್ಪಿಸಿಕೊಂಡೆ. ಅದರ ಹಿಂದಿನವೂ ಹಾಗೇ ಇರಬೇಕು" ಎಂದಳು. ಇಷ್ಟು ಚಿಕ್ಕ ಸಾಕ್ಷಿಯನ್ನು ಬ್ರೇಕಕ್ಕ ಹಿಂದೆಂದೂ ಹೇಳಿರಲಿಲ್ಲ. ಕೇಕು ಒಯ್ದ ಮೂವರು ಹೆಂಗಸರು ನೆಲ ನೋಡಿದರು. ಪಾಸ್ಟರ್ ಹಾಡಿಗೆ ಸನ್ನೆ ಮಾಡಿದರು.

ಮಾರನೆಯ ದಿನ ಬೆಳಿಗ್ಗೆ ಕಾರಿನ ಬಳಿ ದರ್ಜಿಯಮ್ಮ ನಿಂತಿದ್ದಳು.

"ಬೇರೆಯವರ ಹತ್ರ ಕಲಿಯೋಕೆ ಪುರುಸೊತ್ತಿಲ್ಲ. ಇವರ ಸೋದರಳಿಯ ಹೊರಟು ನಿಂತಿದ್ದಾನೆ" ಎಂದಳು. "ಒಂದೇ ಷರತ್ತು. ದೇವರ ವಿಷಯ ನಾನಾಗಿ ಕೇಳೋವರೆಗೆ ನೀವು ಎತ್ತಬಾರದು."

"ಆಯ್ತು."

"ನಿಮ್ಮಿಂದ ಆಗುತ್ತಾ?"

"ಗೊತ್ತಿಲ್ಲ ಕಣ್ರೀ" ಎಂದಳು ಬ್ರೇಕಕ್ಕ, ಎರಡು ದಿನಗಳಲ್ಲಿ ಎರಡನೆಯ ಬಾರಿಗೆ ತನ್ನ ಬಗ್ಗೆ ಸತ್ಯ ಹೇಳುತ್ತಾ.

ಬಾಯಿಗೆ ಬೀಗ ಹಾಕಿಕೊಂಡು ಕೂರುವುದೆಂದರೆ ಏನೆಂದು ಆಮೇಲಿನ ದಿನಗಳು ಕಲಿಸಿದವು. ಮಾತು ಎದೆಯಿಂದ ಎದ್ದು ಗಂಟಲಿಗೆ ಬಂದು ಅಲ್ಲಿ ಎಂಜಿನ್ ಚಾಲೂ ಇಟ್ಟುಕೊಂಡು ನಿಲ್ಲುತ್ತಿತ್ತು. ಆ ಹೊಗೆಗೆ ಅವಳಿಗೆ ಕೆಮ್ಮು ಬರುತ್ತಿತ್ತು. ಏನಾದರೂ ಆಡದಿದ್ದರೆ ಸಿಡಿದೇ ಹೋಗುತ್ತೇನೆ ಎನಿಸಿ ಪ್ರಶ್ನೆ ಕೇಳಲು ಶುರು ಮಾಡಿದಳು. ಅಣ್ಣ ನಿನ್ನೆ ನಿದ್ದೆ ಮಾಡಿದರಾ, ಊಟ ಯಾರು ಬಡಿಸುತ್ತಾರೆ, ನೀವು ಅಂಗಡಿಯಲ್ಲಿರುವಾಗ ಅವರಿಗೆ ಹೊತ್ತು ಹೇಗೆ ಹೋಗುತ್ತದೆ. ಮೊದಮೊದಲು ಉತ್ತರ ಹ್ಞೂಂ ಮಾತ್ರ. ನಡುನಡುವೆ ಒಂದೊಂದು ಪೂರ್ತಿ ವಾಕ್ಯವೂ ಬೀಳತೊಡಗಿತು. ಬ್ರೇಕಕ್ಕನ ಗಂಡನಿಗೆ ಇದೆಲ್ಲ ಗೊತ್ತಾದದ್ದು ಅವನು ಡ್ರೈವರಣ್ಣನಿಗೆ ಹೊತ್ತು ಕಳೆಯಲೆಂದು ಬೇಕರಿ ಮುಗಿಸಿ ಅಲ್ಲಿಗೆ ಹೋಗಿ ಕೂರತೊಡಗಿದಾಗ. ಹಾಗೆ ಕಳಿಸಿದವಳು ಬ್ರೇಕಕ್ಕನೇ. ಇಬ್ಬರು ಗಂಡಸರೂ ತಂತಮ್ಮ ಹೆಂಡಿರ ಮೇಲೆ ಗಂಟೆಗಟ್ಟಲೆ ಆರಾಮಾಗಿ ಚಾಡಿ ಹೇಳಿಕೊಂಡರು.

ದರ್ಜಿಯಮ್ಮನಿಗೆ ಲೈಸೆನ್ಸ್ ಸಿಕ್ಕಿತು. ಪರೀಕ್ಷೆಯ ಅಧಿಕಾರಿ ಇಳಿಯುವಾಗ ಸೊಂಟ ಹಿಡಿದುಕೊಂಡನೆಂಬುದು ನಿಜ, ಆದರೂ ಸಿಕ್ಕಿತು.

ಆಸ್ಪತ್ರೆಗೆ ಹೋಗುವ ದಿನ ಅವಳು ಬ್ರೇಕಕ್ಕನನ್ನು ಜೊತೆಗೆ ಕರೆದಳು. "ನನ್ನ ಕಾರಲ್ಲಿ ಒಂದೇ ಬ್ರೇಕಿರೋದು. ಹಿಂದೆ ಕೂತ್ಕೊಳ್ಳಿ, ಸಾಕು" ಎಂದಳು. ಹೊದಿಕೆ ತೆಗೆದು ಹಳೆಯ ಕಾರು ಹೊರಬಿತ್ತು. ಮುಂದಿನ ಸೀಟಿನಲ್ಲಿ ಡ್ರೈವರಣ್ಣ, ಹಿಂದೆ ಬ್ರೇಕಕ್ಕ. ಹೊರಟದ್ದೇ ತಡ, ಇಬ್ಬರ ಬಲಗಾಲುಗಳೂ ಇಲ್ಲದ ಪೆಡಲನ್ನು ಒತ್ತತೊಡಗಿದವು.

"ಬಲಗಡೆ ಸೈಕಲ್" ಎಂದ ಅವನು.

"ಕಾಣ್ತಿದೆ."

"ನಿಂಗೆ ಕಾಣುತ್ತೆ, ನಂಗೆ ಕೇಳ್ಸುತ್ತೆ. ಎರಡೂ ಇರ್ಲಿ ಬಿಡು."

ದೊಡ್ಡ ರಸ್ತೆಗೆ ಸೇರುವಲ್ಲಿ ದರ್ಜಿಯಮ್ಮನ ಕಾಲು ಮತ್ತೆ ಹೊಲಿಗೆ ಶುರು ಮಾಡಿತು. ಹಿಂದೆ ಲಾರಿ, ಮುಂದೆ ಬಸ್ಸು. ಕಾರು ಬಿಕ್ಕಳಿಸಿತು. ಕೂಗುವ ಕ್ಷಣ ಅದೇ. ಬ್ರೇಕಕ್ಕ ಮುಂದಿನ ಸೀಟಿನ ಬೆನ್ನನ್ನು ಉಗುರು ನಾಟುವಷ್ಟು ಬಿಗಿಯಾಗಿ ಹಿಡಿದು ಕಣ್ಣು ಮುಚ್ಚಿ ಪ್ರಾರ್ಥಿಸಿದಳು, ತುಟಿಯೊಳಗೇ, ಅತಿ ವೇಗವಾಗಿ, ಆಮೆನ್ ಹೇಳಲೂ ಬಿಡುವಿಲ್ಲದಂತೆ. ಕಾರು ಸೇರಿಕೊಂಡಿತು. ಬಸ್ಸನ್ನು ದಾಟುವಾಗ ಡ್ರೈವರಣ್ಣ ಅದರ ಎಂಜಿನ್ನಿನ ಸದ್ದು ಕೇಳಿ, "ಕ್ಲಚ್ ಪ್ಲೇಟ್ ಹೋಗಿದೆ ಅವನದ್ದು" ಎಂದು ತೃಪ್ತಿಯಿಂದ ನಿಟ್ಟುಸಿರುಬಿಟ್ಟ.

ಆಸ್ಪತ್ರೆಯ ಮೊಗಸಾಲೆಯಲ್ಲಿ ಪ್ಲಾಸ್ಟಿಕ್ ಕುರ್ಚಿಗಳ ಸಾಲು, ಫಿನಾಯಿಲಿನ ವಾಸನೆ, ಒಂದೇ ಕಡೆ ಗಾಳಿ ಬೀಸುವ ಫ್ಯಾನು. ನರ್ಸು ಬಂದು ಡ್ರೈವರಣ್ಣನ ತೋಳು ಹಿಡಿದು ಒಳಗೆ ಕರೆದುಕೊಂಡು ಹೋದಳು. ಉಳಿದ ಕಣ್ಣಿಗೆ ಆಮೇಲೆ ಶುರು ಮಾಡಿದ ಹೊಸ ಮದ್ದು ಹಿಡಿದಿದೆಯೋ ಇಲ್ಲವೋ ಇವತ್ತು ಗೊತ್ತಾಗುತ್ತದೆ ಎಂದಿದ್ದರು. ಬಾಗಿಲು ಮುಚ್ಚಿತು. ಅವನ ನಂತರ ಹೋದವರು ಬೇರೆ ಬೇರೆ ಬಾಗಿಲುಗಳಿಂದ ಹೊರಬಂದರು. ಆ ಬಾಗಿಲು ಮಾತ್ರ ತೆರೆಯಲಿಲ್ಲ.

ದರ್ಜಿಯಮ್ಮ ಮಡಿಲಲ್ಲಿದ್ದ ಚೀಲದ ಅಂಚಿನ ಹೊಲಿಗೆಯನ್ನು ಉಗುರಿನಿಂದ ಬಿಚ್ಚುತ್ತಿದ್ದಳು, ತಾನೇ ಹಾಕಿದ ಹೊಲಿಗೆ. ಅರ್ಧ ಅಂಚು ಬಿಚ್ಚಿದ ಮೇಲೆ ತಲೆಯೆತ್ತದೆ ಹೇಳಿದಳು:

"ಅವತ್ತು ಸಿಗ್ನಲ್ ಹತ್ರ ಏನೋ ಹೇಳ್ತಿದ್ರಿ. ಭಾರ, ಪಾದ ಅಂತ ಏನೋ. ನಾನು ಕೇಳಿಸ್ಕೊಂಡಿರಲಿಲ್ಲ. ಈಗ ಹೇಳಿ."

ಬಂತು! ಮೂರೂ ಗೇರಿನ ಪ್ರಸಂಗ, ಶಿಲುಬೆ, ಪಶ್ಚಾತ್ತಾಪ, ಎಲ್ಲ ಗಂಟಲಲ್ಲಿ ಸಾಲಾಗಿ ಹಾರನ್ ಹೊಡೆಯುತ್ತಾ ನಿಂತವು. ಬ್ರೇಕಕ್ಕ ಆ ಬಿಚ್ಚಿದ ನೂಲನ್ನು ನೋಡಿದಳು. ಸಾಲು ಹಾಗೇ ನಿಂತಿತು.

"ನಮ್ಮಮ್ಮನಿಗೆ ಕೊನೆಗೆ ನನ್ನ ಗುರುತೂ ಸಿಗ್ತಿರಲಿಲ್ಲ" ಎಂದಳು. "ಇಂಥದ್ದೇ ಕುರ್ಚಿ ಮೇಲೆ ಕೂತು ಬೇಡ್ಕೊಂಡೆ. ಅಮ್ಮ ಹುಷಾರಾಗಲಿಲ್ಲ."

"ಮತ್ತೆ?"

"ಕೋಪ ಬಂತು. ಯೇಸು ಮೇಲೇ ರೇಗಾಡಿದೆ, ಬಾಯಿಗೆ ಬಂದ ಹಾಗೆ. ರೇಗಾಡ್ತಾ ರೇಗಾಡ್ತಾ ಅನ್ನಿಸ್ತು, ಯಾರೋ ಕೇಳಿಸ್ಕೋತಿದ್ದಾರೆ ಅಂತ. ಎದ್ದು ಹೋಗ್ತಿಲ್ಲ, ನಡುವೆ ಬಾಯಿ ಹಾಕ್ತಿಲ್ಲ. ಆತನೂ ನೋವು ತಿಂದೋನು. ಅಳೋರ ಪಕ್ಕ ಕೂರೋಕೆ ಆತನಿಗೆ ಬೇಜಾರಿಲ್ಲ. ನನಗೆ ಗೊತ್ತಿರೋದು ಇಷ್ಟೇ ಕಣ್ರೀ. ಉಳಿದಿದ್ದೆಲ್ಲ ಇದರ ಮೇಲೆ ನಿಂತಿದೆ."

ದರ್ಜಿಯಮ್ಮ ಬಿಚ್ಚಿದ ನೂಲನ್ನು ಬೆರಳಿಗೆ ಸುತ್ತಿಕೊಂಡಳು. "ಅಷ್ಟು ಚೆನ್ನಾಗಿ ಕೇಳಿಸ್ಕೊಳ್ಳೋರ ಜೊತೆ ಇಷ್ಟು ವರ್ಷ ಇದ್ದೂ ನೀವು ಅದನ್ನ ಕಲೀಲೇ ಇಲ್ವಲ್ಲ."

ಬ್ರೇಕಕ್ಕನಿಗೆ ನಗು ಬಂತು, ಜೊತೆಗೆ ಕಣ್ಣಲ್ಲಿ ನೀರೂ. "ಈಗ ಸೇರಿದ್ದೀನಿ ಪಾಠಕ್ಕೆ."

"ನಾನು ನಂಬ್ತೀನೋ ಇಲ್ವೋ ಗೊತ್ತಿಲ್ಲ ಅಂದ್ನಲ್ಲ. ಈಗಲೂ ಗೊತ್ತಿಲ್ಲ."

"ನಂಬಿದ್ರೆ ನಂಗೆ ಖುಷಿ ಆಗುತ್ತೆ. ಆಗಲ್ಲ ಅಂದ್ರೆ ಸುಳ್ಳು. ಆದ್ರೆ ಇವತ್ತು ನಾನು ಅದಕ್ಕೆ ಬಂದು ಕೂತಿಲ್ಲ."

"ಹಾಗಾದ್ರೆ ಇವರಿಗೋಸ್ಕರ ಬೇಡ್ಕೋತೀರಾ? ಮೆತ್ತಗೆ. ಎಲ್ಲರೂ ನೋಡೋ ಹಾಗಲ್ಲ."

ಬ್ರೇಕಕ್ಕ ಅವಳ ಕೈ ಹಿಡಿದಳು. ಪ್ರಾರ್ಥನೆ ತೀರಾ ಚಿಕ್ಕದಾಗಿತ್ತು. ಅಣ್ಣನ ಕಣ್ಣು ಉಳಿಯಲಿ ಎಂದು ಕೇಳಿದಳು. ಒಳಗೆ ಅವನಿಗೆ, ಹೊರಗೆ ಇವಳಿಗೆ ಒಂಟಿ ಅನಿಸದಿರಲಿ ಎಂದು ಕೇಳಿದಳು. ಅಷ್ಟೇ. ಕಣ್ಣು ತೆರೆದಾಗ ಬಾಗಿಲು ಇನ್ನೂ ಮುಚ್ಚಿಯೇ ಇತ್ತು. ದರ್ಜಿಯಮ್ಮ ಕೈ ಬಿಡಿಸಿಕೊಂಡಿರಲಿಲ್ಲ.

"ಮದುವೆಯಾದ ಹೊಸತರಲ್ಲಿ ಇವರು ನನ್ನ ಬಸ್ಸಲ್ಲಿ ಕೂರಿಸ್ಕೊಂಡು ಕೊನೇ ಸ್ಟಾಪಿನವರೆಗೆ ಹೋಗ್ತಿದ್ರು" ಎಂದಳು, ಯಾರೂ ಕೇಳದಿದ್ದರೂ. "ಡ್ರೈವರ್ ಹಿಂದಿನ ಸೀಟು ನಂದು. ಕನ್ನಡಿಯಲ್ಲಿ ನನ್ನ ನೋಡ್ತಿದ್ರು. ರಸ್ತೆ ನೋಡ್ರೀ ಅಂತ ಬೈತಿದ್ದೆ. ಈಗ ಬೆಳಿಗ್ಗೆ ಎದ್ದ ಕೂಡಲೇ ನನ್ನ ಮುಖದ ಕಡೆ ತಿರುಗ್ತಾರೆ, ಎಷ್ಟು ಕಾಣ್ತೀನಿ ಅಂತ ಹೇಳಲ್ಲ. ನಾನೂ ಕೇಳಿಲ್ಲ. ಕೇಳೋಕೆ ಭಯ."

ಬ್ರೇಕಕ್ಕನ ಬಳಿ ಇದಕ್ಕೆ ಹೇಳಲು ಒಳ್ಳೊಳ್ಳೆಯ ಮಾತುಗಳಿದ್ದವು, ಒಂದಕ್ಕಿಂತ ಒಂದು ಸಮಾಧಾನದವು. ಅವುಗಳಲ್ಲಿ ಯಾವುದನ್ನೂ ಆಡಲಿಲ್ಲ. ಕುರ್ಚಿಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡಳು.

"ಆಮೇಲೆ?" ಎಂದಳು.